ತಕ್ಕಡಿಯ ಕೊಕ್ಕೆ

"ಗುರುಗಳೇ, ಇಷ್ಟು ಕೋಪ ಇಟ್ಟುಕೊಂಡವಳು ಕಟ್ಟಿದ ಹೂವು ದೇವರಿಗೆ ಸಲ್ಲುತ್ತದೆಯೇ?" ಎಂದು ಶಿಷ್ಯ ಕೇಳಿದ.

ಅವನು ಕೇಳಿದ್ದು ಹೂವಾಡಗಿತ್ತಿಯ ವಿಷಯ. ಆಕೆ ಮಠದ ಮೆಟ್ಟಿಲ ಮೇಲೆ ಕೂತು ಹೂವು ಕಟ್ಟುತ್ತಿದ್ದಳು. ಮೆಟ್ಟಿಲಿಗೆ ಹೊಸ ಕಲ್ಲು ಹಾಸಿದಾಗ, ಕಲ್ಲಿಗೆ ಕಲೆಯಾಗುತ್ತದೆ ಎಂದು ಶಿಷ್ಯನೇ ಅವಳನ್ನು ಎಬ್ಬಿಸಿ ಕಳುಹಿಸಿದ್ದ. ಈಗ ಪೂಜೆಯ ಹೊತ್ತಿಗೆ ಹೂವು ಸಿಗುತ್ತಿರಲಿಲ್ಲ. ಹಿಂದಿನ ದಿನ ಅವನು ಹಣ್ಣಿನ ತಟ್ಟೆ ಹಿಡಿದು ಅವಳ ಮನೆಗೆ ಹೋಗಿದ್ದ. ಮೊದಲಿನ ಜಾಗವನ್ನೇ ಕೊಡುತ್ತೇವೆ, ಬಿಸಿಲಿಗೆ ಮೇಲೊಂದು ತಗಡು ಹಾಕಿಸುತ್ತೇವೆ, ನಾಳೆಯಿಂದಲೇ ಬಾ ಎಂದಿದ್ದ. ಆಕೆ ಮುಖ ತಿರುಗಿಸಿ ಒಳಗೆ ಹೋದಳು. ಹಣ್ಣನ್ನು ಮುಟ್ಟಲೂ ಇಲ್ಲ.

ಗುರುಗಳ ಮುಖ ಬಿಗಿಯಾಯಿತು. ಅವರು ಈ ಕತೆ ಹೇಳಿದರು.

ಒಂದು ಊರಿನ ಕೋಟೆಯೊಳಗೆ ಹಳೆಯ ಪೇಟೆಬೀದಿ ಇತ್ತು. ಎರಡೂ ಬದಿಗೆ ಅಂಗಡಿಗಳು. ಅವುಗಳಿಗೆ ಬಾಗಿಲುಗಳಿರಲಿಲ್ಲ, ಉದ್ದುದ್ದ ಹಲಗೆಗಳಿದ್ದವು. ಬೆಳಿಗ್ಗೆ ಹಲಗೆಗಳನ್ನು ಒಂದೊಂದಾಗಿ ತೆಗೆದು ಒಳಗೆ ಒರಗಿಸುವುದು, ಸಂಜೆ ಮತ್ತೆ ಸಾಲಾಗಿ ಹೊಸ್ತಿಲಿನ ಸೀಳಿನಲ್ಲಿ ಕೂರಿಸುವುದು ಅಲ್ಲಿನ ಪದ್ಧತಿ.

ಊರ ಹೊರಗೆ ದೊಡ್ಡ ರಸ್ತೆಯಾಯಿತು. ವ್ಯಾಪಾರ ಅಲ್ಲಿಗೆ ಹೋಯಿತು. ಅದರ ಹಿಂದೆ ವರ್ತಕರೂ ಹೋದರು. ಹಲಗೆ ಹಾಕಿದ ಅಂಗಡಿಗಳು ಹಾಗೆಯೇ ನಿಂತವು. ಒಳಗೆ ಬಾವಲಿ ಸೇರಿದವು. ತೊಲೆಗಳಿಗೆ ಗೆದ್ದಲು ಹತ್ತಿತು.

ಒಬ್ಬ ವರ್ತಕನಿಗೆ, ಅಪ್ಪ ಕಟ್ಟಿಸಿದ ಅಂಗಡಿ ಬಿದ್ದುಹೋಗುತ್ತದಲ್ಲ ಎಂಬ ಚಿಂತೆ. ಒಲೆ ಉರಿಯದ ಮನೆ ಹೆಚ್ಚು ದಿನ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಊರಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಗಂಡ ತೀರಿಕೊಂಡಿದ್ದ, ಕಂಕುಳಲ್ಲಿ ಹಸುಗೂಸು. ಜನರ ಮನೆಯ ತೊಟ್ಟಿಲಿಗೆ, ಹಸೆಮಣೆಗೆ ಚಿತ್ರ ಬರೆದು ಬದುಕುತ್ತಿದ್ದಳು. ಕೂತು ಬರೆಯಲು ಅವಳಿಗೆ ಒಂದು ಸೂರು ಬೇಕಿತ್ತು. ವರ್ತಕ ತಾನಾಗಿಯೇ ಅವಳನ್ನು ಹುಡುಕಿಕೊಂಡು ಹೋದ.

"ತಂಗಿ, ನನ್ನ ಅಂಗಡಿಯಲ್ಲಿ ನಿನ್ನದೇ ಮನೆ ಅಂದುಕೊಂಡು ಇರು. ನಾನು ಬದುಕಿರುವವರೆಗೆ ಅಲ್ಲಿಂದ ಏಳು ಎನ್ನುವವರು ಯಾರೂ ಇಲ್ಲ" ಎಂದ.

ಆಕೆ ನಂಬಿದಳು. ಬಾವಲಿಯ ಹಿಕ್ಕೆಯನ್ನು ಬುಟ್ಟಿಯಲ್ಲಿ ತುಂಬಿ ತುಂಬಿ ಹೊತ್ತು ಹಾಕಿದಳು. ಹುಣಸೆಬೀಜವನ್ನು ಹುರಿದು, ಅರೆದು, ಕುದಿಸಿ ಅಂಟು ಮಾಡಿಕೊಂಡು, ಆ ಅಂಟಿನಲ್ಲಿ ಬಣ್ಣ ಕಲಸುವುದು ಅವಳ ಕಸುಬಿನ ರೀತಿ. ಅದಕ್ಕೆ ದಿನವೂ ಒಲೆ ಉರಿಯಬೇಕು. ಹೊಗೆಗೆ ಬಾವಲಿಗಳು ಜಾಗ ಬಿಟ್ಟವು. ಹಿಂದೆ ತಕ್ಕಡಿ ತೂಗುಹಾಕುತ್ತಿದ್ದ ಕೊಕ್ಕೆ ತೊಲೆಯಲ್ಲಿ ಹಾಗೆಯೇ ಇತ್ತು. ಅದಕ್ಕೆ ಸೀರೆ ಕಟ್ಟಿ ಜೋಲಿ ಮಾಡಿ ಮಗುವನ್ನು ಮಲಗಿಸಿದಳು. ಒಂದು ಕೈಯಲ್ಲಿ ಜೋಲಿ ತೂಗುತ್ತ ಇನ್ನೊಂದು ಕೈಯಲ್ಲಿ ಬರೆದಳು. ಅಂಗಡಿ ಚಿತ್ರಶಾಲೆಯಾಯಿತು.

ಕೆಲಸ ಬಾರದ ದಿನಗಳಲ್ಲಿ ತನ್ನ ಅಂಗಡಿಯ ಹಲಗೆಗಳ ಮೇಲೆ ಒಂದು ಮದುವೆಯ ದಿಬ್ಬಣ ಬರೆಯತೊಡಗಿದಳು. ಅಲ್ಲಿ ಜಾಗ ಮುಗಿಯಿತು. ಪಕ್ಕದ ಅಂಗಡಿಯೂ ಮುಚ್ಚಿಯೇ ಇತ್ತು. ದಿಬ್ಬಣ ಅದರ ಹಲಗೆಗಳಿಗೆ ಹೋಯಿತು, ಅಲ್ಲಿಂದ ಮುಂದಿನದಕ್ಕೆ. ಬೀದಿಯ ಉದ್ದಕ್ಕೂ ಡೋಲಿನವರು, ಪಲ್ಲಕ್ಕಿ, ಕಳಸ ಹೊತ್ತ ಹೆಂಗಸರು, ಊಟಕ್ಕೆ ತಡವಾಯಿತೆಂದು ಮುಖ ಗಂಟಿಕ್ಕಿದ ಮುದುಕ. ಕುದುರೆಯ ತಲೆ ಒಂದು ಅಂಗಡಿಯಲ್ಲಿ, ಬಾಲ ಇನ್ನೊಂದರಲ್ಲಿ.

ಜನ ನೋಡಲು ಬಂದರು. ಬಂದವರು ಚಿತ್ರಶಾಲೆಯಲ್ಲಿ ಕೂತು ಅವಳು ಬರೆಯುವುದನ್ನು ನೋಡಿದರು. ಕೂತವರಿಗೆ ಚಹಾ ಬೇಕಾಯಿತು. ಒಬ್ಬ ಚಹಾ ಅಂಗಡಿ ತೆರೆದ, ಇನ್ನೊಬ್ಬ ಬಳೆ ಅಂಗಡಿ ತೆರೆದ. ಹಗಲು ಹಲಗೆ ತೆಗೆದು ಚಿತ್ರ ಮರೆಯಾದರೂ ಜನ ಏಳಲಿಲ್ಲ. ಅವಳ ಕೆಲಸ ನೋಡುತ್ತ, ಬಳೆ ಕೊಳ್ಳುತ್ತ, ಸಂಜೆ ಹಲಗೆ ಹಾಕುವವರೆಗೆ ಕಾದು, ದಿಬ್ಬಣವನ್ನು ಪೂರ್ತಿ ನೋಡಿಕೊಂಡೇ ಹೋದರು. ಸತ್ತ ಬೀದಿ ಎಂದು ಮೂಗು ಮುಚ್ಚಿಕೊಂಡು ಹೋಗಿದ್ದ ವರ್ತಕರೆಲ್ಲ ಹಾರ ಹಾಕಿಸಿಕೊಂಡು ಹಿಂದಿರುಗಿದರು.

ಅವಳನ್ನು ಕರೆತಂದ ವರ್ತಕನೂ ಬಂದ. ಅಷ್ಟರಲ್ಲಿ ತಂಗಿ ಎಂಬ ಮಾತು ಅವನ ಬಾಯಿಂದ ಹೋಗಿತ್ತು.

"ಏನಮ್ಮಾ, ಈ ಹೊಗೆ, ಈ ಅಂಟಿನ ವಾಸನೆ ಗಿರಾಕಿಗಳಿಗೆ ಆಗುವುದಿಲ್ಲ. ಆ ಕೊಕ್ಕೆಯೂ ಬೇಕು, ನಾಳೆ ತಕ್ಕಡಿ ಪೂಜೆ ಇದೆ" ಎಂದ.

ಕೊಟ್ಟ ಮಾತು ಏನಾಯಿತು ಎಂದು ಆಕೆ ಕೇಳಿದಳು. ಆಗ ಬೀದಿ ಸತ್ತಿತ್ತು, ಸತ್ತ ಬೀದಿಯ ಮಾತನ್ನು ಈಗ ಎತ್ತಬೇಡ ಎಂದ. ತಾನೇ ಹೋಗಿ, ಮಲಗಿದ್ದ ಮಗುವನ್ನು ಜೋಲಿಯಿಂದ ಎತ್ತಿ ಅವಳ ಕೈಗೆ ಕೊಟ್ಟು, ಸೀರೆಯ ಗಂಟು ಬಿಚ್ಚಿದ. ಮಗುವಿಗೆ ಎಚ್ಚರವಾಗದಂತೆ ಎತ್ತಿದ. ಸಾವ್ಕಾರರದು ಎಂಥ ಮೆದು ಕೈ ಎಂದು ಬೀದಿಯವರು ಬಹಳ ದಿನ ಹೊಗಳಿದರು. ಅವಳು ಅಂಟಿನ ಮಡಕೆ ತಲೆಯ ಮೇಲಿಟ್ಟುಕೊಂಡು ಹೊರಟಾಗ ಅವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಚಹಾದವನು ಲೋಟ ತೊಳೆಯುತ್ತಲೇ ಇದ್ದ. ಅವನ ಅಂಗಡಿ ಹುಟ್ಟಿದ್ದೇ ಅವಳಿಂದ.

ಆಕೆ ಕೋಟೆಯ ಹೊರಗೆ ಒಂದು ಹುಣಸೆಮರದ ಕೆಳಗೆ ಒಲೆ ಹೂಡಿದಳು.

ಇತ್ತ ವರ್ತಕರು ಬೀದಿಯ ಬಾಯಲ್ಲಿ 'ಚಿತ್ರದ ಬೀದಿ' ಎಂದು ಫಲಕ ನಿಲ್ಲಿಸಿದರು. ಜನ ಫಲಕ ಓದಿ ಒಳಗೆ ಬಂದರು. ಹಗಲು ಬಂದವರಿಗೆ ಚಿತ್ರ ಕಾಣಲಿಲ್ಲ, ಹಲಗೆಗಳೆಲ್ಲ ಒಳಗೆ ಮೂಟೆಗಳ ಹಿಂದೆ ಒರಗಿದ್ದವು. ಸಂಜೆಯವರೆಗೆ ಕೂರೋಣವೆಂದರೆ ಚಿತ್ರಶಾಲೆ ಇಲ್ಲ. ಸಂಜೆಗೇ ಬಂದವರಿಗೆ ಚಿತ್ರ ಕಂಡಿತು, ಆದರೆ ಅಂಗಡಿಗಳು ಮುಚ್ಚಿದ್ದವು. ವರ್ತಕರು ಸಭೆ ಸೇರಿದರು. ಅವಳನ್ನು ಕರೆಯೋಣ ಎಂದು ಒಬ್ಬನೂ ಬಾಯಿ ಬಿಡಲಿಲ್ಲ. ಎಲ್ಲರೂ ಸೇರಿ ಹಲಗೆಗಳನ್ನು ಬೈದರು.

ಅದೇ ಸಮಯಕ್ಕೆ ಬೇರೆ ಊರಿನವನೊಬ್ಬ, ಕುದುರೆಯ ತಲೆ ಇರುವ ಹಲಗೆ ತನ್ನ ಮನೆಯ ಗೋಡೆಗೆ ಬೇಕು ಎಂದು ಕೇಳಿದ. ಕೊಟ್ಟರು. ಆಮೇಲೆ ಕೇಳಿದವರಿಗೆಲ್ಲ ಕೊಟ್ಟರು. ಡೋಲು ಒಂದು ಊರಿಗೆ ಹೋಯಿತು, ಡೋಲಿನ ಕೋಲು ಇನ್ನೊಂದು ಊರಿಗೆ. ಮದುಮಗಳ ಮುಖ ಒಬ್ಬನಿಗೆ, ಅವಳ ಮೊಣಕೈ ಮತ್ತೊಬ್ಬನಿಗೆ. ಹಲಗೆಗಳ ಜಾಗಕ್ಕೆ ಕಬ್ಬಿಣದ ಶಟರ್ ಬಂತು. ಎಳೆದರೆ ಮುಚ್ಚುತ್ತದೆ, ಎತ್ತಿದರೆ ತೆರೆಯುತ್ತದೆ, ಎಷ್ಟು ಸುಲಭ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸಂತೋಷಪಟ್ಟರು.

ಮುಂದೆ ಬಂದ ಜನ ಫಲಕ ಓದಿದರು, ಶಟರ್ ನೋಡಿದರು, ಬಂದ ದಾರಿ ಹಿಡಿದರು. ಮೊದಲು ಚಹಾ ಅಂಗಡಿ ಮುಚ್ಚಿತು. ಆಮೇಲೆ ಬಳೆಯದು. ವರ್ತಕನ ತಕ್ಕಡಿಗೆ ತುಕ್ಕು ಹಿಡಿಯಿತು. ಬಾವಲಿಗಳು ಮರಳಿದವು.

ವರ್ತಕ ಪೇಟ ಸುತ್ತಿ, ತಟ್ಟೆಯಲ್ಲಿ ಹಣ್ಣು, ಸೀರೆ, ಅಂಗಡಿಯ ಬೀಗದ ಕೈ ಇಟ್ಟುಕೊಂಡು ಹುಣಸೆಮರದ ಬಳಿಗೆ ಬಂದ. ಆಕೆ ಅಂಟು ಕಲಕುತ್ತಿದ್ದಳು. ಮಗಳು ಮರದ ಸುತ್ತ ಓಡುತ್ತಿದ್ದಳು. ಅವನು ಕೈಮುಗಿದ.

"ತಾಯಿ, ಬೀದಿ ಮತ್ತೆ ಸತ್ತಿತು. ಬಂದು ಆ ಶಟರುಗಳ ಮೇಲಾದರೂ ನಾಲ್ಕು ಗೆರೆ ಎಳೆ. ಒಲೆ ಹಚ್ಚಿಕೋ, ಯಾರೂ ಏನೂ ಅನ್ನುವುದಿಲ್ಲ. ತಕ್ಕಡಿ ಇಳಿಸಿದ್ದೇನೆ, ನಿನ್ನ ಕೊಕ್ಕೆ ಖಾಲಿಯಾಗಿದೆ" ಎಂದ.

ತಂಗಿ ಹೋಗಿ ಅಮ್ಮ ಆಗಿತ್ತು, ಈಗ ಅಮ್ಮ ಹೋಗಿ ತಾಯಿ ಆಯಿತು. ಆಕೆ ಮಡಕೆಯಿಂದ ಕಣ್ಣು ಎತ್ತಲಿಲ್ಲ.

"ಮಗಳು ಈಗ ನಡೆಯುತ್ತಾಳೆ, ಸಾವ್ಕಾರ್ರೇ. ಕೊಕ್ಕೆ ಬೇಡ" ಎಂದಳು.

ಅವನು ಬಿಸಿಲೇರುವವರೆಗೆ ನಿಂತ. ಆಕೆ ಕಲಕುವುದನ್ನು ನಿಲ್ಲಿಸಲಿಲ್ಲ. ಬೀಗದ ಕೈಯನ್ನೂ ಸೀರೆಯನ್ನೂ ಎತ್ತಿಕೊಂಡು, ತಟ್ಟೆಯನ್ನು ಅಲ್ಲೇ ಬಿಟ್ಟು ಅವನು ಹೋದ. ಹಣ್ಣುಗಳನ್ನು ಕೋತಿಗಳು ತಿಂದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಕಾದ. ಮುಂದೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೇಳಿದ.

"ಅಷ್ಟು ದೊಡ್ಡ ಮನುಷ್ಯ ಮರದ ಕೆಳಗೆ ಬಂದು ಕೈಮುಗಿದು ನಿಂತನಲ್ಲ, ಗುರುಗಳೇ. ಆಕೆ ಕ್ಷಮಿಸಬಹುದಿತ್ತಲ್ಲವೇ?"

ಗುರುಗಳು ಎದ್ದು ನಿಂತರು.

"ತಪ್ಪಾಯಿತು ಎಂದು ಅವನು ಕೊನೆಯವರೆಗೂ ಹೇಳಲಿಲ್ಲ, ನಿನ್ನೆ ನೀನು ಹೇಳಿದೆಯಾ?"