ಗರುಡನಿಗೆ ಒಂದು ಬೊಟ್ಟು

“ನಮ್ಮ ಪದ್ಯ ಕೇಳಿದರೆ ಕಲ್ಲುಕಂಬವೂ ತಲೆದೂಗಬೇಕು!” ಅಂತ ಜಂಬ ಕೊಚ್ಚಿದರು ಬಿಳಿಗೊಂದಿಯ ಮಹಾರಾಜ ವಿಜಯಭೂಪಾಲರು. ಆ ರಾಜ್ಯ ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ. ಅಲ್ಲಿ ಆನೆಯಿತ್ತು, ಅಂಬಾರಿಯಿತ್ತು, ಲಿನಕ್ಸ್ ಹಾಕಿದ ಒಂದು ಲ್ಯಾಪ್‌ಟಾಪೂ ಇತ್ತು. ಅಷ್ಟು ಸಾಕು.

ಮಹಾರಾಜರು ತಮ್ಮ ಪದ್ಯಗಳನ್ನು ತಾವೇ ಹಾಡಿ ಅದರಲ್ಲಿ ತುಂಬಿಸಿದ್ದರು. ಸಭೆಗೆಲ್ಲ ಕೇಳಲಿ ಅಂತ ನಡುಕಂಬಕ್ಕೆ ಒಂದು ಬ್ಲೂಟೂತ್ ಸ್ಪೀಕರ್ ಕಟ್ಟಿಸಿದ್ದರು. ಆದರೆ ನಾಲ್ಕು ದಿನದಿಂದ ಸಭೆಯಲ್ಲಿ ಸ್ಪೀಕರ್ ಬಾಯಿ ಬಿಟ್ಟಿರಲಿಲ್ಲ. ಸಭಿಕರು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಸಂತೋಷವಿಲ್ಲದ್ದು ನೀಲಮ್ಮನಿಗೆ ಮಾತ್ರ. ಇಪ್ಪತ್ತು ವರ್ಷ ಅರಮನೆಯ ಓಲೆಗರಿ ಕಾಯ್ದವಳು, ಈಗ ಲ್ಯಾಪ್‌ಟಾಪ್ ಕಾಯುತ್ತಿದ್ದಳು.

“ಪ್ರಭು, ದಿನಾ ಸಂಜೆ ತೆರೆದು ನೋಡಿದರೆ ಬ್ಲೂಟೂತಿಗೆ ಯಾರೋ ತಡೆ ಹಾಕಿರ್ತಾರೆ. ನಾನು ತೆಗೀತೀನಿ, ಸ್ಪೀಕರ್ ಹಾಡುತ್ತೆ. ಮಾರನೇ ದಿನ ಸಭೆಗೆ ಬರೋಷ್ಟರಲ್ಲಿ ಮತ್ತೆ ತಡೆ!”

ಸಭೆಯಲ್ಲೇ ತಡೆ ತೆಗೆಯೋಣವೆಂದರೆ ಅದೂ ಆಗದು. ಸಿಂಹಾಸನದ ಪಕ್ಕದ ಪೀಠದ ಮೇಲಿಟ್ಟದ್ದನ್ನು ಸಭೆ ಮುಗಿಯುವ ತನಕ ರಾಜರ ಹೊರತು ಬೇರೆಯವರು ಮುಟ್ಟುವಂತಿಲ್ಲ. ತಾತನ ಕಾಲದ ಕಟ್ಟಳೆ.

ಮಂತ್ರಿ ಹೇರಂಬಯ್ಯ ಎದ್ದ. “ಪ್ರಭು, ತಡೆ ತೆಗೆಯುವುದು ಇವಳಿಗೆ ಬರುತ್ತೆ ಅಂದಮೇಲೆ ಹಾಕುವುದೂ ಬರುತ್ತೆ. ಇವಳದ್ದೇ ಕಿತಾಪತಿ!”

ಮಹಾರಾಜರು ಮೀಸೆ ತಿರುವಿದರು. ಎಂಥ ಮೀಸೆ ಅಂತೀರಿ! ಎರಡು ಕಡೆಯೂ ನಿಂಬೆಹಣ್ಣು ನಿಲ್ಲಿಸಬಹುದಿತ್ತು. “ನಾಳೆಯ ಸಭೆಯಲ್ಲಿ ತಡೆ ಹಾಕಿದವನು ಸಿಗಬೇಕು. ಸಿಕ್ಕರೆ ಅವನ ಅರ್ಧ ಮೀಸೆ ಬೋಳಿಸುತ್ತೇವೆ, ಯಾರೇ ಆಗಿರಲಿ! ಸಿಗದಿದ್ದರೆ ನೀಲಮ್ಮ ರಾಜ್ಯ ಬಿಟ್ಟು ಹೋಗಬೇಕು.”

ನೀಲಮ್ಮನ ಕಣ್ಣು ತುಂಬಿತು. ಅದನ್ನು ನೋಡಿ ಚಿಕ್ಕೀರಪ್ಪನ ಕರುಳು ಚುರುಕ್ ಅಂದಿತು. ಆಸ್ಥಾನದಲ್ಲಿ ಮಾತಿನಿಂದಲೇ ಅನ್ನ ಉಣ್ಣುತ್ತಿದ್ದ ಮನುಷ್ಯ ಅವನು. ಸಭೆ ಮುಗಿದದ್ದೇ ಅವಳ ಕೋಣೆಗೆ ಬಂದ.

“ಅಕ್ಕಾ, ಬೆಳಿಗ್ಗೆ ಈ ಲ್ಯಾಪ್‌ಟಾಪ್ ಇಲ್ಲಿಂದ ಎಲ್ಲಿಗೆ ಹೋಗುತ್ತೆ?”

“ದೇವರಮನೆಗೆ ಕಣಪ್ಪ. ನಾಲ್ಕು ದಿನದಿಂದ ಪ್ರಭುಗಳೇ ಪೂಜೆ ಮಾಡಿ, ಅವರೇ ಸಭೆಗೆ ತರ್ತಾರೆ. ಒಳಗೆ ಬೇರೆ ಯಾರೂ ಕಾಲಿಡೋ ಹಾಗಿಲ್ಲ.”

ಚಿಕ್ಕೀರಪ್ಪ ಬಗ್ಗಿ ನೋಡಿದ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ಒಂದೇ ಒಂದು ಕೀಲಿಯ ಮೇಲೆ ದಪ್ಪನೆ ಕುಂಕುಮ. ಒರೆಸಿದರೆ ಕೆಳಗೆ ಪುಟಾಣಿ ವಿಮಾನದ ಚಿತ್ರ. ಬಿಳಿಗೊಂದಿಯಲ್ಲಿ ವಿಮಾನ ಕಂಡವರು ಯಾರಿದ್ದರು? ರೆಕ್ಕೆ ಚಾಚಿದ್ದೆಲ್ಲ ಅವರಿಗೆ ಗರುಡನೇ.

ಅವನು ಆ ಕೀಲಿ ಒತ್ತಿದ. ನೀಲಮ್ಮ ಟರ್ಮಿನಲ್ ಅನ್ನೋ ಕಿಟಕಿಯಲ್ಲಿ ಆಜ್ಞೆ ಬರೆದು ನೋಡಿದಳು: ತಡೆ ಇಲ್ಲ. ಇನ್ನೊಮ್ಮೆ ಒತ್ತಿದ: ತಡೆ ಇದೆ. ಮತ್ತೊಮ್ಮೆ ಒತ್ತಿದ: ಇಲ್ಲ.

“ಅಯ್ಯೋ ಶಿವನೇ!” ನೀಲಮ್ಮ ಎದೆ ಹಿಡಿದುಕೊಂಡಳು. “ಇದನ್ನ ಪ್ರಭುಗಳಿಗೆ ಹೇಳೋರು ಯಾರು?”

ಚಿಕ್ಕೀರಪ್ಪ ನಕ್ಕ. “ನಾವ್ಯಾಕೆ ಹೇಳೋಣ? ಅವರೇ ತೋರಿಸಲಿ.”

ಮಾರನೇ ದಿನ ಮಹಾರಾಜರು ದೇವರಮನೆಗೆ ಹೊರಟಾಗ ಚಿಕ್ಕೀರಪ್ಪ ಅಡ್ಡ ಬಂದು ಕೈಮುಗಿದ. “ಪ್ರಭು, ಕಳ್ಳ ಸಿಗಬೇಕಾದರೆ ಇವತ್ತಿನ ಪೂಜೆ ಸಭೆಯಲ್ಲೇ ಆಗಬೇಕು. ತಮ್ಮ ಪದ್ಯವೂ ನಡೀತಿರಲಿ.”

ಪದ್ಯ ಅಂದಕೂಡಲೇ ಮಹಾರಾಜರು ಒಪ್ಪಿಬಿಟ್ಟರು.

ಸಭೆ ತುಂಬಿತು. ಕ್ಷೌರಿಕ ಕತ್ತಿ ಮಸೆದುಕೊಂಡು ಬಂದು ನಿಂತ. ಲ್ಯಾಪ್‌ಟಾಪ್ ಪೀಠವೇರಿತು, ಸ್ಪೀಕರ್ ಗಂಟಲು ಬಿಚ್ಚಿ ಹಾಡತೊಡಗಿತು, ಸಭಿಕರ ಮುಖ ನಿಜವಾಗಿಯೇ ಸಪ್ಪಗಾಯಿತು. ಮಹಾರಾಜರು ಹೂವೇರಿಸಿದರು, ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿದರು. “ಗರುಡದೇವಾ, ಕಾಪಾಡಪ್ಪಾ!” ಅಂತ ಭಕ್ತಿಯಿಂದ ಒತ್ತಿದರು.

ಸ್ಪೀಕರ್ ಅರ್ಧ ಸಾಲಿಗೇ ನಿಂತುಹೋಯಿತು.

ಕ್ಷೌರಿಕ ರಾಜರ ಮೀಸೆ ನೋಡಿದ, ಆಮೇಲೆ ನೆಲ ನೋಡಿದ. ಮಹಾರಾಜರು ತಮ್ಮ ಹೆಬ್ಬೆರಳು ನೋಡಿಕೊಂಡರು, ಕೀಲಿ ನೋಡಿದರು, ಮೆಲ್ಲಗೆ ಮೀಸೆಗೆ ಅಂಗೈ ಅಡ್ಡ ಇಟ್ಟುಕೊಂಡರು.

“ಅಂದರೆ... ನಾವೇ?”

ಚಿಕ್ಕೀರಪ್ಪ ಮುಂದೆ ಬಂದ. “ಛೆ ಛೆ, ತಮ್ಮದೇನು ತಪ್ಪು ಪ್ರಭು? ಬೊಟ್ಟು ಬಿದ್ದ ಖುಷಿಗೆ ಗರುಡ ಬ್ಲೂಟೂತನ್ನೂ ಬೆನ್ನ ಮೇಲೆ ಕೂರಿಸಿಕೊಂಡು ಹಾರಿಹೋದ. ಇನ್ನೊಂದು ಬೊಟ್ಟಿಡಿ, ವಾಪಸ್ ಬರ್ತಾನೆ.”

ಎರಡನೇ ಬೊಟ್ಟು ಬಿತ್ತು. ಸ್ವಲ್ಪ ಹೊತ್ತಿಗೆ ಸ್ಪೀಕರ್ ಮತ್ತೆ ಹಾಡಿತು.

“ಮತ್ತೆ... ಮೀಸೆ?” ಮಹಾರಾಜರ ದನಿ ಸಣ್ಣಗಿತ್ತು.

“ತಡೆ ಹಾಕಿದವರ ಅರ್ಧ ಮೀಸೆ ಹೋಗಬೇಕು ಅಂದಿರಿ. ತೆಗೆದವರಿಗೆ ಅರ್ಧ ಮೀಸೆ ಬರಬೇಕಲ್ಲ ಪ್ರಭು! ಎರಡೂ ತಾವೇ ಮಾಡಿದಿರಿ, ಮೀಸೆ ಇದ್ದ ಹಾಗೇ ಇರಲಿ.”

ಮಹಾರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀಲಮ್ಮನನ್ನು ಕರೆದು, “ನಮ್ಮಿಂದ ತಪ್ಪಾಯಿತು ತಾಯಿ” ಅಂದು ಶಾಲು ಹೊದಿಸಿದರು. ಅವಳು ಅಳುತ್ತಲೇ ನಕ್ಕಳು. ಹೇರಂಬಯ್ಯ ಕಂಬದ ಹಿಂದೆ ಸರಿದ.

“ಚಿಕ್ಕೀರಪ್ಪ, ನಿನಗೇನು ಬೇಕೋ ಕೇಳು!”

ಅಷ್ಟರಲ್ಲಿ ಪದ್ಯ ಹನ್ನೆರಡನೇ ನುಡಿಗೆ ಬಂದಿತ್ತು. ಇದ್ದದ್ದು ನೂರೆಂಟು. ಸಭಿಕರೆಲ್ಲ ಚಿಕ್ಕೀರಪ್ಪನನ್ನು ಹಗೆಯವನಂತೆ ದುರುಗುಟ್ಟಿ ನೋಡುತ್ತಿದ್ದರು.

ಅವನು ಕೈಮುಗಿದ. “ಹೆಚ್ಚೇನೂ ಬೇಡ ಪ್ರಭು. ದಿನಕ್ಕೊಂದು ಸಲ ಮೂರನೇ ಬೊಟ್ಟು ಇಡುವ ಭಾಗ್ಯ ನನಗಿರಲಿ.”