ಅವರೆಕಾಯಿಯ ಸುತ್ತ ಕೂತವರು

“ಗುರುಗಳೇ, ಮನೆಯವರನ್ನು ಕಳೆದುಕೊಂಡವರನ್ನು ವಾರಕ್ಕೊಮ್ಮೆ ಮಠದಲ್ಲಿ ಸೇರಿಸಬೇಕೆಂದಿದ್ದೇನೆ. ಸಾಲಾಗಿ ಕೂರಿಸಿ ಪ್ರವಚನ ಹೇಳಿಸಲೋ, ಸುತ್ತ ಕೂರಿಸಿ ಅವರನ್ನೇ ಮಾತಾಡಿಸಲೋ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೆಂಡತಿಯನ್ನು ಕಳೆದುಕೊಂಡ ಒಬ್ಬ ವರ್ತಕನಿದ್ದ. ತನ್ನಂತೆ ನೊಂದವರಿಗೆ ನೆರವಾಗಲೆಂದು ಮನೆಯ ಪಡಸಾಲೆಯನ್ನು ತೆರೆದಿಟ್ಟ. ಮೊದಲ ವಾರ ಪಂಡಿತರೊಬ್ಬರನ್ನು ಕರೆಸಿದ. ಆತ್ಮಕ್ಕೆ ಸಾವಿಲ್ಲವೆಂದು ಅವರು ಸೊಗಸಾಗಿ ಹೇಳಿದರು. ಬಂದವರು ತಲೆಯಾಡಿಸಿ, ತಂದ ದುಃಖವನ್ನು ಹಾಗೇ ಹೊತ್ತುಕೊಂಡು ಮನೆಗೆ ಹೋದರು.

ಮುಂದಿನ ವಾರ ಎಲ್ಲರನ್ನೂ ಸುತ್ತ ಕೂರಿಸಿ, ಒಬ್ಬೊಬ್ಬರಾಗಿ ಮಾತಾಡಿ ಎಂದ. ತಾನು ಮಾತ್ರ ಕೂರಲಿಲ್ಲ. ಓಡಾಡುತ್ತ ಎಲ್ಲವನ್ನೂ ನೋಡಿಕೊಂಡ. ಯಜಮಾನನಲ್ಲವೇ! ಬಂದವರಲ್ಲಿ ಮಗಳನ್ನು ಕಳೆದುಕೊಂಡ ಒಬ್ಬ ರೈತನ ಹೆಂಡತಿ ಇದ್ದಳು. ಮಗಳು ಹೋದಂದಿನಿಂದ ಆಕೆ ಬಾಯಿ ಬಿಟ್ಟಿರಲಿಲ್ಲ, ಅತ್ತಿರಲಿಲ್ಲ, ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಹೀಗೇ ಆದರೆ ಇವಳೂ ಉಳಿಯುವುದಿಲ್ಲವೆಂದು ಹೆದರಿ ಗಂಡ ಕರೆತಂದಿದ್ದ. ಸರದಿ ಹತ್ತಿರ ಬರುತ್ತಿದ್ದಂತೆ ಆಕೆ ಎದ್ದು ಹೋಗಿಬಿಟ್ಟಳು.

ಅದರ ಮುಂದಿನ ವಾರ ಗಂಡನ ಬಲವಂತಕ್ಕೆ ಬಂದವಳು ಹೊಸ್ತಿಲ ಆಚೆಯೇ ನಿಂತಳು. ಅಷ್ಟರಲ್ಲಿ ಒಳಗೆ ಅಡುಗೆಯವನು ಸಿಡುಕಿದ: “ಬಂದವರಿಗೆಲ್ಲ ಊಟ ಅಂತ ಹೇಳಿಬಿಟ್ರಿ. ಈ ಮೂಟೆ ಅವರೆಕಾಯಿ ಸುಲಿಯೋರು ಯಾರು?”

ವರ್ತಕ ಪೆಚ್ಚಾಗಿ, ಕಾಯಿಯನ್ನು ಪಡಸಾಲೆಯ ನಡುವೆ ಸುರಿದು, ತಾನೇ ಕೂತು ಸುಲಿಯತೊಡಗಿದ. ಉಳಿದವರೂ ಕೈಹಾಕಿದರು. ವರ್ತಕ ಹುಳುಕು ಕಾಳನ್ನೂ ಬುಟ್ಟಿಗೆ ಹಾಕುತ್ತಿದ್ದುದನ್ನು ಆ ಹೆಂಗಸಿಗೆ ನೋಡಲಾಗಲಿಲ್ಲ. ಒಳಗೆ ಬಂದು ಪಕ್ಕದಲ್ಲಿ ಕೂತಳು.

“ಹುಳ ಇರೋದನ್ನೂ ಹಾಕ್ತಿದ್ದೀರಲ್ಲ, ಸಾಹುಕಾರ್ರೇ” ಎಂದಳು.

“ಇದನ್ನೆಲ್ಲ ನನ್ನ ಹೆಂಡತೀನೇ ನೋಡ್ಕೊಳ್ತಿದ್ದಳು ತಾಯಿ. ನನಗೇನೂ ಗೊತ್ತಿಲ್ಲ” ಎಂದ ವರ್ತಕ, ಎಲ್ಲರೆದುರೇ ಅತ್ತುಬಿಟ್ಟ.

ಆಕೆ ಕಾಯಿಯಿಂದ ಕಣ್ಣೆತ್ತಲಿಲ್ಲ. “ನನ್ನ ಮಗಳು ಹಸಿ ಕಾಳನ್ನೇ ತಿಂದುಬಿಡೋಳು. ಹೊಟ್ಟೆನೋವು ಬರುತ್ತೆ ಅಂತ ಬೈತಿದ್ದೆ” ಎಂದಳು. ಆಮೇಲೆ ಅಳು ಬಂತು. ಸಾಕಾಗುವಷ್ಟು ಅತ್ತಳು. ಯಾರೂ ಸಮಾಧಾನ ಹೇಳಲಿಲ್ಲ, ಯಾರೂ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ಊಟ ತಡವಾಯಿತು. ಆಕೆ ಇನ್ನೊಮ್ಮೆ ಅನ್ನ ಹಾಕಿಸಿಕೊಂಡಳು. ಅದನ್ನು ನೋಡಿ ಗಂಡನಿಗೆ ಹೋದ ಜೀವ ಬಂದಂತಾಯಿತು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. “ಗೊತ್ತಾಯಿತು ಗುರುಗಳೇ. ಸುತ್ತ ಕೂರಿಸಿ, ಎಲ್ಲರ ಕೈಗೂ ಒಂದು ಕೆಲಸ ಕೊಡುತ್ತೇನೆ” ಎಂದ.

“ಕೊಡಪ್ಪ, ನಿನ್ನ ತಮ್ಮ ತೀರಿಕೊಂಡ ಮೇಲೆ ನೀನೂ ಇನ್ನೂ ಅತ್ತಿಲ್ಲ, ಅವರ ನಡುವೆ ನಿನಗೂ ಒಂದು ಜಾಗ ಇಟ್ಟುಕೋ” ಎಂದರು ಗುರುಗಳು.