ಭಾಗವಾಗದ ಸಂಖ್ಯೆ

ತನ್ನ ಸೀಮೆ ಎಂದೂ ಭಾಗವಾಗಬಾರದೆಂದು ಪಾಳೆಯಗಾರನೊಬ್ಬ, ಯಾವುದರಿಂದಲೂ ಭಾಗವಾಗದ ದೊಡ್ಡ ಸಂಖ್ಯೆಯೊಂದನ್ನು ಕೋಟೆಯ ಬಾಗಿಲಿನ ಮೇಲೆ ಕೆತ್ತಿಸಲು ಹೊರಟ. ಆಸ್ಥಾನದ ಪಂಡಿತರು ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಒಂದೊಂದು ಸಲ ಬಳಸಿ ಅಂಥದೊಂದನ್ನು ಬರೆದುಕೊಟ್ಟರು.

“ಸ್ವಾಮಿ, ಇದು ಒಂಬತ್ತರಿಂದ ಭಾಗವಾಗುತ್ತೆ,” ಅಂದ ಕಲ್ಲುಕುಟಿಗ.

“ಸುಳ್ಳಾದರೆ ನೀನು ಊರು ಬಿಡಬೇಕು,” ಎಂದು ಪಂಡಿತರು ಭಾಗಿಸಿ ನೋಡಿದರು. ಶೇಷ ಉಳಿಯಲಿಲ್ಲ. ಅಂಕಿಗಳನ್ನು ಅದಲುಬದಲು ಮಾಡಿದರು.

ಕುಟಿಗ ತಿರುಗಿಯೂ ನೋಡದೆ, “ಈಗಲೂ ಆಗುತ್ತೆ,” ಅಂದ.

“ನೋಡದೆ ಹೇಗೆ ಹೇಳ್ತೀಯೋ?”

“ಪಂಕ್ತಿಯಲ್ಲಿ ಜಾಗ ಬದಲಿಸಿದರೆ ಉಣ್ಣುವವರು ಬದಲಾಗ್ತಾರಾ, ಸ್ವಾಮಿ? ಹೇಗೆ ಕೂರಿಸಿದರೂ ಅಂಕಿಗಳ ಮೊತ್ತ ನಲವತ್ತೈದು. ಮೊತ್ತ ಒಂಬತ್ತರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತೆ.”

ಪಂಡಿತರು ಬಹಳ ಯೋಚಿಸಿ, ಸಂಖ್ಯೆ ಸರಿಯಾಗಿಯೇ ಇದೆ, ಒಂಬತ್ತರಿಂದ ಭಾಗಿಸುವುದನ್ನು ನಿಷೇಧಿಸಿದರೆ ಸಾಕು ಎಂದು ಪಾಳೆಯಗಾರನಿಗೆ ತಿಳಿಸಿದರು. ಆ ಆಜ್ಞೆಯನ್ನು ಕೆತ್ತುವ ಕೆಲಸವೂ ಕುಟಿಗನಿಗೇ ಸಿಕ್ಕಿತು.